ವೈರಲ್ ನ್ಯುಮೋನಿಯಾ: ಎದೆಯ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಯಾವಾಗ ಬೇಕು, ಬಂದ ರಿಪೋರ್ಟ್ ಓದುವುದು ಹೇಗೆ

ಜ್ವರ, ಕೆಮ್ಮು ಶುರುವಾಗಿ ನಾಲ್ಕೈದು ದಿನ ಆಗಿರುತ್ತದೆ. ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡಿ, ನ್ಯುಮೋನಿಯಾ ಇರಬಹುದು ಅನ್ನುತ್ತಾರೆ. ತಕ್ಷಣ ಮನೆಯವರು ಕೇಳುವುದು ಒಂದೇ: ಸಿಟಿ ಸ್ಕ್ಯಾನ್ ಮಾಡಿಸಿಬಿಡೋಣವಾ? ಕೆಲವರಿಗೆ ಅದು ನಿಜಕ್ಕೂ ಬೇಕು, ತಡ ಮಾಡಬಾರದು. ಇನ್ನು ಕೆಲವರಿಗೆ ಎಕ್ಸ್‌ರೇ ಕೂಡ ಬೇಡ. ನಿಮ್ಮ ರೋಗಿ ಇದರಲ್ಲಿ ಯಾವ ಕಡೆ ಎಂದು ತಿಳಿಯಲು ಡಾಕ್ಟರನ್ನು ಹೀಗೆ ಕೇಳಿ: ಚಿತ್ರ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಮುಂದಿನ ಪ್ರತಿ ಹಂತದಲ್ಲೂ ಈ ಪ್ರಶ್ನೆ ಜೊತೆಗಿರಲಿ.

ವೈರಸ್ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳವರೆಗೆ ಇಳಿದು ಅಲ್ಲಿ ಉರಿಯೂತ ಎಬ್ಬಿಸಿದರೆ ಅದು ವೈರಲ್ ನ್ಯುಮೋನಿಯಾ. ಫ್ಲೂ, ಕೋವಿಡ್, ಆರ್‌ಎಸ್‌ವಿ (ಕೂಸುಗಳಲ್ಲಿ ಹೆಚ್ಚಾಗಿ ಕಾಣುವ ಉಸಿರಿನ ವೈರಸ್), ಅಡಿನೋವೈರಸ್, ದಡಾರ, ಚಿಕನ್‌ಪಾಕ್ಸ್ ಇವೆಲ್ಲ ಹೀಗೆ ಮಾಡಬಲ್ಲವು. ಗಾಳಿ ಇರಬೇಕಾದ ಜಾಗದಲ್ಲಿ ನೀರು, ಜೀವಕೋಶಗಳು ಸೇರಿಕೊಂಡಾಗ ರಕ್ತಕ್ಕೆ ಆಕ್ಸಿಜನ್ ಸರಿಯಾಗಿ ಸೇರುವುದಿಲ್ಲ. ಎಕ್ಸ್‌ರೇ, ಸಿಟಿಯಲ್ಲಿ ಕಾಣುವ ಬಿಳುಪು ಇದರದ್ದೇ.

ಹಂತ 1: ಮೊದಲು ಉಸಿರು ನೋಡಿ

ಯಾವ ಚಿತ್ರಕ್ಕಿಂತಲೂ ಮೊದಲು ಬೇಕಾದ ಎರಡು ಅಂಕಿಗಳನ್ನು ಮನೆಯಲ್ಲೇ ತೆಗೆಯಬಹುದು.

ಒಂದು, ಉಸಿರಾಟದ ಲೆಕ್ಕ. ರೋಗಿ ಸುಮ್ನೆ ಕೂತಿರುವಾಗ ಪೂರ್ತಿ ಒಂದು ನಿಮಿಷ ಎದೆ ಎಷ್ಟು ಸಲ ಏರುತ್ತದೆ ಎಂದು ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುವುದು ಜಾಸ್ತಿ. ಎಣಿಸುತ್ತಿದ್ದೇನೆ ಎಂದು ಹೇಳಲೂ ಬೇಡಿ, ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ದೊಡ್ಡವರಲ್ಲಿ 12ರಿಂದ 20 ಸಾಮಾನ್ಯ. 30 ದಾಟಿದರೆ ತೀವ್ರ. ಮಕ್ಕಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಬೇರೆ: ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ.

ಎರಡು, ಪಲ್ಸ್ ಆಕ್ಸಿಮೀಟರಿನ ಅಂಕಿ. ಬೆರಳು ಬೆಚ್ಚಗಿರಲಿ, ಉಗುರುಬಣ್ಣ ಇರಬಾರದು, ಕೈ ಅಲ್ಲಾಡಬಾರದು. ಅಂಕಿ ಒಂದು ಕಡೆ ನಿಲ್ಲುವವರೆಗೆ ಕಾಯಿರಿ. ಮೊದಲು ಆರೋಗ್ಯವಾಗಿದ್ದವರಿಗೆ 94ಕ್ಕಿಂತ ಕೆಳಗೆ ಬಂದರೆ ಅದೇ ದಿನ ಡಾಕ್ಟರನ್ನು ನೋಡಬೇಕು. 90ಕ್ಕಿಂತ ಕೆಳಗಿದ್ದರೆ ನೇರ ಆಸ್ಪತ್ರೆಗೆ. ಚರ್ಮ ಕಪ್ಪಾಗಿರುವವರಲ್ಲಿ ಈ ಯಂತ್ರ ನಿಜಕ್ಕಿಂತ ತುಸು ಜಾಸ್ತಿ ತೋರಿಸುವುದುಂಟು. ಆದ್ದರಿಂದ ಅಂಕಿ ಚೆನ್ನಾಗಿದ್ದೂ ಮನುಷ್ಯ ಏದುಸಿರು ಬಿಡುತ್ತಿದ್ದರೆ ಯಂತ್ರವನ್ನು ಬಿಟ್ಟು ಮನುಷ್ಯನನ್ನು ನಂಬಿ.

ತುಟಿ ನೀಲಿಯಾಗುವುದು, ಒಂದು ವಾಕ್ಯ ಮುಗಿಸಲಾರದಷ್ಟು ದಮ್ಮು, ಮಾತು ತಡಬಡಿಸುವುದು, ಎದೆ ಹಿಂಡಿದಂಥ ನೋವು, ಮಗುವಿನ ಪಕ್ಕೆ ಒಳಗೆ ಎಳೆದುಕೊಳ್ಳುವುದು ಇವು ಕಂಡರೆ ಸ್ಕ್ಯಾನ್ ಸೆಂಟರ್ ಹುಡುಕುತ್ತ ಹೋಗಬೇಡಿ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೊದಲು ಆಕ್ಸಿಜನ್, ಚಿತ್ರ ಆಮೇಲೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಸ್ಕ್ಯಾನಿನ ಸಾಲಿನಲ್ಲಿ ಕಾಯುತ್ತ ಕಳೆದ ಹೊತ್ತು ಇಂಥ ರೋಗಿಗೆ ದುಬಾರಿ.

ಹಂತ 2: ಚಿತ್ರ ಬೇಕಾ ಎಂದು ತೀರ್ಮಾನಿಸಿ

ಆಕ್ಸಿಜನ್ ಸರಿಯಾಗಿದೆ, ಜ್ವರ ಕೆಮ್ಮು ಸಾಧಾರಣ, ಬೇರೆ ದೊಡ್ಡ ಕಾಯಿಲೆ ಇಲ್ಲ. ಇಂಥವರಿಗೆ ಸಾಮಾನ್ಯವಾಗಿ ಎದೆಯ ಚಿತ್ರ ಬೇಡ. ಎದೆಯ ಇಮೇಜಿಂಗ್ ತಜ್ಞರ ಫ್ಲೈಶ್ನರ್ ಸೊಸೈಟಿ 2020ರಲ್ಲಿ ಕೋವಿಡ್ ಬಗ್ಗೆ ಇದನ್ನೇ ಹೇಳಿತು: ಸೌಮ್ಯ ಲಕ್ಷಣ ಇರುವವರಿಗೆ, ರೋಗ ಉಲ್ಬಣಿಸುವ ಅಪಾಯ ಇಲ್ಲದಿದ್ದರೆ, ಇಮೇಜಿಂಗ್ ಅಗತ್ಯವಿಲ್ಲ. ಉಸಿರಾಟ ಹದಗೆಡುತ್ತಿದ್ದರೆ ಅಗತ್ಯ. ಅದೇ ವರ್ಷ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಕೂಡ, ಕೋವಿಡ್ ಇದೆಯೋ ಇಲ್ಲವೋ ಎಂದು ಪತ್ತೆ ಮಾಡಲು ಸಿಟಿಯನ್ನು ಮೊದಲ ಪರೀಕ್ಷೆಯಾಗಿ ಬಳಸಬೇಡಿ ಎಂದಿತು.

ಯಾವ ವೈರಸ್ ಎಂದು ಹೇಳುವುದು ಮೂಗು ಗಂಟಲಿನ ಸ್ವ್ಯಾಬ್ ಪರೀಕ್ಷೆಯ ಕೆಲಸ. ಚಿತ್ರದಲ್ಲಿ ಫ್ಲೂ, ಕೋವಿಡ್, ಅಡಿನೋವೈರಸ್ ಒಂದನ್ನೊಂದು ಹೋಲುತ್ತವೆ. ರೋಗದ ಮೊದಲ ಎರಡು ದಿನಗಳಲ್ಲಿ ಸಿಟಿ ಪೂರ್ತಿ ಸಹಜವಾಗಿಯೂ ಕಾಣಬಹುದು. ಆಗ ಮಾಡಿಸಿದ ಸ್ಕ್ಯಾನ್ ಸುಳ್ಳು ಸಮಾಧಾನ ಕೊಡುತ್ತದೆ, ಅಷ್ಟೇ. ಇನ್ನೊಂದು ಮಾತು: ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ. ಅಪಾಯದ ಗುಂಪಿನಲ್ಲಿರುವವರು ಎಕ್ಸ್‌ರೇ ಬರಲಿ ಎಂದು ಆ ಔಷಧಿಯನ್ನು ಮುಂದೂಡಬಾರದು.

ಹಾಗಾದರೆ ಯಾರಿಗೆ ಬೇಕು? ಆಕ್ಸಿಜನ್ ಇಳಿದವರಿಗೆ, ಉಸಿರು ವೇಗವಾದವರಿಗೆ, ಆಸ್ಪತ್ರೆಗೆ ಸೇರಬೇಕಾದವರಿಗೆ. ಹಾಗೆಯೇ ಅಂಗ ಕಸಿ ಆದವರು, ಕೀಮೋಥೆರಪಿಯಲ್ಲಿ ಇರುವವರು, ಸ್ಟೀರಾಯ್ಡ್‌ಗಳನ್ನು ದೀರ್ಘಕಾಲ ತೆಗೆದುಕೊಳ್ಳುತ್ತಿರುವವರು, ಶ್ವಾಸಕೋಶ ಅಥವಾ ಹೃದಯದ ಹಳೆ ಕಾಯಿಲೆ ಇರುವವರು. ವಯಸ್ಸಾದವರ ಬಗ್ಗೆ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಅವರಿಗೆ ಜ್ವರವೇ ಬಾರದೆ, ಬರೀ ಸುಸ್ತು, ಗೊಂದಲ, ಊಟ ಬಿಡುವುದು ಇಷ್ಟರಲ್ಲೇ ನ್ಯುಮೋನಿಯಾ ಬಂದಿರುತ್ತದೆ. ಅಲ್ಲಿ ಒಂದು ಎಕ್ಸ್‌ರೇ ಇಡೀ ದಾರಿಯನ್ನೇ ಬದಲಿಸಬಹುದು.

ಹಂತ 3: ಯಾವ ಚಿತ್ರ?

ಹೆಚ್ಚಿನವರಿಗೆ ಎಕ್ಸ್‌ರೇಯೇ ಮೊದಲ ಮೆಟ್ಟಿಲು. ಬೇಗ ಆಗುತ್ತದೆ, ಹಾಸಿಗೆ ಪಕ್ಕದಲ್ಲೇ ತೆಗೆಯಬಹುದು, ವಿಕಿರಣ ತೀರಾ ಕಡಿಮೆ. ತೆಳುವಾದ, ಆರಂಭದ ಬದಲಾವಣೆಗಳು ಅದರಲ್ಲಿ ಕಾಣದೆ ಹೋಗುತ್ತವೆ. ಆದರೆ ಡಾಕ್ಟರಿಗೆ ತುರ್ತಾಗಿ ಬೇಕಾದ ಉತ್ತರಗಳು, ಅಂದರೆ ಎರಡೂ ಕಡೆ ಹರಡಿದೆಯಾ, ಎದೆಯಲ್ಲಿ ನೀರು ತುಂಬಿದೆಯಾ, ಶ್ವಾಸಕೋಶ ಕುಸಿದಿದೆಯಾ ಎಂಬುದು ಬಹುತೇಕ ಅದರಲ್ಲೇ ಸಿಗುತ್ತದೆ.

ಸಿಟಿ ಬೇಕಾಗುವುದು ಎಕ್ಸ್‌ರೇಗೂ ರೋಗಿಗೂ ತಾಳೆ ಆಗದಾಗ. ಎಕ್ಸ್‌ರೇ ಚೆನ್ನಾಗಿದೆ, ಆಕ್ಸಿಜನ್ ಮಾತ್ರ ಇಳಿಯುತ್ತಿದೆ. ಅಥವಾ ಚಿಕಿತ್ಸೆ ಕೊಟ್ಟರೂ ದಿನೇ ದಿನೇ ಹದಗೆಡುತ್ತಿದೆ. ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದ ರೋಗಿಯಲ್ಲಿ ಫಂಗಸ್‌ನಂಥ ಬೇರೆ ಸೋಂಕಿನ ಅನುಮಾನ. ಇಂಥ ಕಡೆ ಸಿಟಿಗೆ ಬೇರೆ ಸಾಟಿ ಇಲ್ಲ. ನ್ಯುಮೋನಿಯಾ ನೋಡಲು ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ (ರಕ್ತನಾಳಗಳು ಎದ್ದು ಕಾಣಲು ಕೊಡುವ ಔಷಧಿ) ಬೇಡ. ಆದರೆ ಇದ್ದಕ್ಕಿದ್ದಂತೆ ದಮ್ಮು ಹೆಚ್ಚಾಗಿ, ಎದೆ ಚುಚ್ಚಿ, ಕಾಲು ಊದಿದ್ದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆಯಾ ಎಂದು ನೋಡಬೇಕಾಗುತ್ತದೆ. ತೀವ್ರ ಕೋವಿಡ್‌ನಲ್ಲಿ ಈ ತೊಂದರೆ ಸಾಕಷ್ಟು ಕಂಡುಬಂತು. ಅದಕ್ಕೆ ಕಾಂಟ್ರಾಸ್ಟ್ ಇರುವ ಸಿಟಿಯೇ ಆಗಬೇಕು. ಕಿಡ್ನಿ ತೊಂದರೆ, ಹಿಂದೆ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ದು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವುದು ಇದ್ದರೆ ಸ್ಕ್ಯಾನ್ ಮಾಡುವವರು ಕೇಳುವ ಮೊದಲೇ ಹೇಳಿ.

ಎದೆಯ ಅಲ್ಟ್ರಾಸೌಂಡ್ ಮೂರನೆಯದು. ವಿಕಿರಣವೇ ಇಲ್ಲ, ಹಾಸಿಗೆ ಬಿಟ್ಟು ಏಳಬೇಕಿಲ್ಲ, ದಿನಕ್ಕೆ ಎರಡು ಸಲ ಬೇಕಾದರೂ ನೋಡಬಹುದು. ಶ್ವಾಸಕೋಶದ ಅಂಚು ನೀರುಗೂಡಿದಾಗ ತೆರೆಯ ಮೇಲೆ ಮೇಲಿಂದ ಕೆಳಕ್ಕೆ ಬಿಳಿ ಗೆರೆಗಳು ಇಳಿಯುತ್ತವೆ. ಡಾಕ್ಟರುಗಳು ಅವನ್ನು ಬಿ ಲೈನ್ ಅನ್ನುತ್ತಾರೆ. ಗಾಳಿಯ ಹಿಂದೆ ಆಳದಲ್ಲಿ ಅಡಗಿರುವುದು ಇದರಲ್ಲಿ ಕಾಣುವುದಿಲ್ಲ. ನೋಡುವವರ ಕೈ ಪಳಗಿರಬೇಕು ಕೂಡ.

ವಿಕಿರಣದ ಭಯದ ಬಗ್ಗೆ ಮೂರು ಅಂಕಿ ಸಾಕು. ಎದೆಯ ಎಕ್ಸ್‌ರೇ ಸುಮಾರು 0.1 ಮಿಲಿಸೀವರ್ಟ್ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಕಡಿಮೆ. ಮಾಮೂಲಿ ಎದೆಯ ಸಿಟಿ ಸುಮಾರು 5ರಿಂದ 7. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ತಾನಾಗಿಯೇ ಬರುವುದು ಜಗತ್ತಿನ ಸರಾಸರಿಯಲ್ಲಿ 2.4. ಅಂದರೆ ಅಗತ್ಯವಿದ್ದಾಗ ಒಂದು ಸಿಟಿಗೆ ಹೆದರಬೇಕಿಲ್ಲ. ಸುಮ್ನೆ ಮನಸ್ಸಿನ ಸಮಾಧಾನಕ್ಕೆ ಒಂದೇ ತಿಂಗಳಲ್ಲಿ ಮೂರು ಸಿಟಿ ಮಾಡಿಸುವುದು ಮಾತ್ರ ಸರಿಯಲ್ಲ.

ಗರ್ಭಿಣಿಯರಿಗೆ ಅಗತ್ಯವಿದ್ದರೆ ಎದೆಯ ಎಕ್ಸ್‌ರೇ ಬೇಡ ಅನ್ನಬಾರದು. ಹೊಟ್ಟೆಯಲ್ಲಿರುವ ಮಗುವಿಗೆ ತಲುಪುವ ವಿಕಿರಣ ಅತ್ಯಲ್ಪ, ಸಿಟಿಯಲ್ಲಿ ಕೂಡ ಅದು ಹಾನಿಯ ಮಟ್ಟಕ್ಕಿಂತ ಬಹಳ ಕೆಳಗೆ. ತಾಯಿಗೆ ಆಕ್ಸಿಜನ್ ಕಡಿಮೆಯಾದರೆ ಮಗುವಿಗೆ ಆಗುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ಗರ್ಭಿಣಿ ಎಂದು ತಂತ್ರಜ್ಞರಿಗೆ ಮೊದಲೇ ಹೇಳಿ. ಇನ್ನು ಮಕ್ಕಳಲ್ಲಿ, ಮನೆಯಲ್ಲೇ ನೋಡಿಕೊಳ್ಳಬಹುದಾದಷ್ಟು ಚೆನ್ನಾಗಿರುವ ಮಗುವಿಗೆ ಎಕ್ಸ್‌ರೇ ರೂಢಿಯಂತೆ ಮಾಡಿಸಬೇಕಿಲ್ಲ. ಆರ್‌ಎಸ್‌ವಿಯಿಂದ ಸುಯ್ ಸುಯ್ ಎನ್ನುವ ಕೂಸಿನ ಎಕ್ಸ್‌ರೇಯಲ್ಲಿ ಅಲ್ಲಲ್ಲಿ ಬಿಳುಪು ಕಾಣುವುದು ಸಾಮಾನ್ಯ. ಅದನ್ನು ನೋಡಿ ಬೇಡದ ಆ್ಯಂಟಿಬಯೋಟಿಕ್ ಶುರುವಾಗಿಬಿಡುತ್ತದೆ.

ಹಂತ 4: ಒಳ್ಳೆ ಚಿತ್ರ ಬರಲು ನೀವು ಮಾಡಬೇಕಾದ್ದು

ಸೋಂಕಿನ ಅನುಮಾನ ಇದೆ ಎಂದು ಮೊದಲೇ ತಿಳಿಸಿ, ಮಾಸ್ಕ್ ಹಾಕಿಕೊಂಡು ಹೋಗಿ. ಸರ, ಲೋಹದ ಹುಕ್, ಗುಂಡಿ ಇರುವ ಬಟ್ಟೆ ತೆಗೆಯಬೇಕು. ಉದ್ದ ಜಡೆ ಇದ್ದರೆ ಎತ್ತಿ ಮೇಲೆ ಕಟ್ಟಿ. ಭುಜದ ಮೇಲೆ ಬಿದ್ದ ದಪ್ಪ ಜಡೆ ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುದಿಯ ಮೇಲೆ ಬಿಳಿ ಮಚ್ಚೆಯಂತೆ ಕಾಣುತ್ತದೆ, ಇಲ್ಲದ ಕಾಯಿಲೆಯ ಅನುಮಾನ ಹುಟ್ಟಿಸುತ್ತದೆ.

ಎದೆಯನ್ನು ಫಲಕಕ್ಕೆ ಒತ್ತಿ ನಿಂತು, ಕೈ ಸೊಂಟದ ಮೇಲಿಟ್ಟು, ಭುಜಗಳನ್ನು ಮುಂದಕ್ಕೆ ತಳ್ಳಲು ಹೇಳುತ್ತಾರೆ. ಹೀಗೆ ಮಾಡಿದಾಗ ಬೆನ್ನಿನ ಹೆಗಲ ಮೂಳೆಗಳು ಶ್ವಾಸಕೋಶದ ಮೇಲಿಂದ ಸರಿಯುತ್ತವೆ. ಆಮೇಲೆ ಬರುವುದು ಎಲ್ಲಕ್ಕಿಂತ ಮುಖ್ಯವಾದ ಮಾತು: ಉಸಿರು ಪೂರ್ತಿ ಎಳೆದು ಹಿಡಿಯಿರಿ. ಅರ್ಧ ಉಸಿರಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗ ಒತ್ತಿಕೊಂಡು ಬಿಳಿಯಾಗುತ್ತದೆ, ಆರೋಗ್ಯವಂತನ ಎದೆಯೂ ನ್ಯುಮೋನಿಯಾದಂತೆ ಕಾಣುತ್ತದೆ. ಕೆಮ್ಮು ಬರುವಂತಿದ್ದರೆ ಮೊದಲೇ ಕೆಮ್ಮಿ ಮುಗಿಸಿ. ಉಸಿರು ಹಿಡಿಯಲು ಆಗುವುದಿಲ್ಲ ಅಂದರೆ ಹೇಳಿಬಿಡಿ. ಸಿಟಿಯಲ್ಲೂ ಅಷ್ಟೇ, ಕೈಗಳನ್ನು ತಲೆಯ ಮೇಲಕ್ಕೆತ್ತಿ ಮಲಗಿ ಕೆಲವು ಸೆಕೆಂಡ್ ಉಸಿರು ಹಿಡಿಯಬೇಕು. ಆಗ ಉಸಿರಾಡಿದರೆ ಚಿತ್ರ ಮಸುಕಾಗುತ್ತದೆ, ಆ ಮಸುಕು ಕಾಯಿಲೆಯಂತೆಯೇ ಕಾಣಬಹುದು. ಕೆಲವೊಮ್ಮೆ ಬೋರಲು ಮಲಗಿಸಿ ಮತ್ತೆ ತೆಗೆಯುತ್ತಾರೆ. ಅಂಗಾತ ಮಲಗಿದ್ದಾಗ ಬೆನ್ನಿನ ಕಡೆ ಕಂಡ ಮಬ್ಬು ಬೋರಲಾದಾಗ ಮಾಯವಾದರೆ ಅದು ಮೈಯ ಭಾರಕ್ಕೆ ಮುದುಡಿದ ಭಾಗ, ನ್ಯುಮೋನಿಯಾ ಅಲ್ಲ.

ಹಾಸಿಗೆಯಲ್ಲಿ ತೆಗೆದ ಪೋರ್ಟಬಲ್ ಎಕ್ಸ್‌ರೇಯಲ್ಲಿ ಹೃದಯ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಂತು ತೆಗೆದ ಹಳೆ ಎಕ್ಸ್‌ರೇ ಪಕ್ಕ ಅದನ್ನಿಟ್ಟು ಮನೆಯವರು ಗಾಬರಿಯಾಗಬೇಕಿಲ್ಲ.

ಹಂತ 5: ರಿಪೋರ್ಟ್ ಸಾಲು ಸಾಲಾಗಿ ಓದಿ

ಒಂದು ಮಾದರಿ ಸಿಟಿ ರಿಪೋರ್ಟ್ ಹೀಗಿರುತ್ತದೆ ಅಂದುಕೊಳ್ಳಿ:

"ಎರಡೂ ಶ್ವಾಸಕೋಶಗಳಲ್ಲಿ, ಹೆಚ್ಚಾಗಿ ಕೆಳ ಹಾಲೆಗಳ ಅಂಚಿನಲ್ಲಿ, ಹಲವು ಗ್ರೌಂಡ್ ಗ್ಲಾಸ್ ಒಪಾಸಿಟಿಗಳು. ಬಲ ಕೆಳ ಹಾಲೆಯಲ್ಲಿ ಸಣ್ಣ ಕನ್ಸಾಲಿಡೇಶನ್. ಪ್ಲೂರಲ್ ಎಫ್ಯೂಷನ್ ಇಲ್ಲ. ಇಂಪ್ರೆಷನ್: ವೈರಲ್ ನ್ಯುಮೋನಿಯಾಕ್ಕೆ ಹೊಂದುವ ಲಕ್ಷಣಗಳು. ಕ್ಲಿನಿಕಲ್ ಕೋರಿಲೇಶನ್ ಅಗತ್ಯ."

ಹಾಲೆ ಅಂದರೆ ಶ್ವಾಸಕೋಶದ ಒಂದು ವಿಭಾಗ. ಗ್ರೌಂಡ್ ಗ್ಲಾಸ್ ಅಂದರೆ ತೆಳು ಮಬ್ಬು. ಮಂಜು ಕಟ್ಟಿದ ಕಿಟಕಿಯ ಆಚೆ ಮರದ ಕೊಂಬೆಗಳು ಮಸುಕಾಗಿ ಕಂಡಂತೆ, ಈ ಮಬ್ಬಿನ ಮೂಲಕ ಶ್ವಾಸಕೋಶದ ರಕ್ತನಾಳಗಳು ಇನ್ನೂ ಕಾಣುತ್ತಿರುತ್ತವೆ. ಗಾಳಿಗೂಡುಗಳು ಭಾಗಶಃ ತುಂಬಿವೆ ಎಂದರ್ಥ. ಕನ್ಸಾಲಿಡೇಶನ್ ಅಂದರೆ ಪೂರ್ತಿ ತುಂಬಿ ಗಟ್ಟಿ ಬಿಳುಪಾಗಿದೆ, ರಕ್ತನಾಳಗಳು ಅದರೊಳಗೆ ಮುಚ್ಚಿಹೋಗಿವೆ. ಗಾಳಿ ಉಳಿದಿರುವ ಶ್ವಾಸನಾಳಗಳು ಮಾತ್ರ ಆ ಬಿಳುಪಿನ ನಡುವೆ ಕಪ್ಪು ಕೊಳವೆಗಳಾಗಿ ಕಾಣಬಹುದು. ಅದೇ ಏರ್ ಬ್ರಾಂಕೋಗ್ರಾಮ್.

"ಎರಡೂ ಕಡೆ", "ಅಂಚಿನಲ್ಲಿ", "ಕೆಳ ಹಾಲೆ" ಎಂಬ ಮೂರು ಮಾತು ಒಟ್ಟಿಗೆ ಬಂದರೆ ಕೋವಿಡ್‌ನಂಥ ವೈರಲ್ ಸೋಂಕಿನ ಕಡೆ ಬೊಟ್ಟು ಮಾಡುತ್ತವೆ. ಬದಲಿಗೆ ಒಂದೇ ಹಾಲೆ ಪೂರ್ತಿ ಬಿಳಿಯಾಗಿದ್ದು, ಎದೆಯಲ್ಲಿ ನೀರು ಸೇರಿದ್ದು (ಪ್ಲೂರಲ್ ಎಫ್ಯೂಷನ್), ಶ್ವಾಸಕೋಶದಲ್ಲಿ ಪೊಳ್ಳು ಗುಂಡಿ ಬಿದ್ದಿದ್ದು ಇದ್ದರೆ ಬ್ಯಾಕ್ಟೀರಿಯಾ, ಕ್ಷಯದಂಥ ಬೇರೆ ಕಾರಣಗಳ ಬಗ್ಗೆ ಯೋಚಿಸಬೇಕಾಗುತ್ತದೆ. ಇವೆಲ್ಲ ಒಲವುಗಳು ಮಾತ್ರ. ಹೃದಯ ವೈಫಲ್ಯದ ನೀರು, ಔಷಧಿಯ ಅಡ್ಡ ಪರಿಣಾಮ, ಶ್ವಾಸಕೋಶದೊಳಗಿನ ರಕ್ತಸ್ರಾವ ಇವೂ ಗ್ರೌಂಡ್ ಗ್ಲಾಸ್ ಆಗಿಯೇ ಕಾಣುತ್ತವೆ. "ಕ್ಲಿನಿಕಲ್ ಕೋರಿಲೇಶನ್ ಅಗತ್ಯ" ಎಂಬ ಕೊನೆಯ ಸಾಲನ್ನು ಜನ ಓದದೆ ಬಿಡುತ್ತಾರೆ. ಚಿತ್ರ ಓದುವ ಡಾಕ್ಟರು, ಅಂದರೆ ರೇಡಿಯಾಲಜಿಸ್ಟ್, ಅಲ್ಲಿ ನಿಜವಾದ ಕೋರಿಕೆಯನ್ನೇ ಇಟ್ಟಿರುತ್ತಾರೆ: ನಾನು ಕಂಡದ್ದನ್ನು ಹೇಳಿದ್ದೇನೆ, ರೋಗಿಯನ್ನು ನೋಡಿದವರು ಇದನ್ನು ಲಕ್ಷಣ, ರಕ್ತ ಪರೀಕ್ಷೆ, ಸ್ವ್ಯಾಬ್ ಜೊತೆ ಕೂಡಿಸಿ ನೋಡಲಿ.

ಇದಕ್ಕಾಗಿಯೇ ಸ್ಕ್ಯಾನ್ ಚೀಟಿಯಲ್ಲಿ ರೋಗಿಯ ವಿವರ ಇರಬೇಕು. ಜ್ವರ ಎಷ್ಟನೇ ದಿನ, ಆಕ್ಸಿಜನ್ ಎಷ್ಟು, ಯಾವ ಹಳೆ ಕಾಯಿಲೆ ಇದೆ ಎಂದು ಬರೆಸಿಕೊಂಡು ಹೋಗಿ. ಬರೀ "ಸಿಟಿ ಚೆಸ್ಟ್" ಎಂದಿದ್ದರೆ ಓದುವವರು ಕತ್ತಲಲ್ಲಿ ಕೆಲಸ ಮಾಡಿದಂತೆ.

ಹಂತ 6: ಸ್ಕೋರ್ ನೋಡಿ ಔಷಧಿ ಬೇಡ

ಕೋವಿಡ್ ಕಾಲದಲ್ಲಿ "ಸ್ಕೋರ್ ಎಷ್ಟು?" ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಆ ಸ್ಕೋರ್ ಬರುವುದು ಹೀಗೆ. ಬಲ ಶ್ವಾಸಕೋಶದಲ್ಲಿ ಮೂರು, ಎಡದಲ್ಲಿ ಎರಡು, ಒಟ್ಟು ಐದು ಹಾಲೆಗಳು. ಒಂದೊಂದರಲ್ಲಿ ಎಷ್ಟು ಭಾಗ ಕೆಟ್ಟಿದೆ ಎಂದು 0ಯಿಂದ 5 ಅಂಕ ಕೊಟ್ಟು ಕೂಡಿಸಿದರೆ 25ಕ್ಕೆ ಇಷ್ಟು ಎಂದು ಬರುತ್ತದೆ. 40ಕ್ಕೆ ಲೆಕ್ಕ ಹಾಕುವ ಬೇರೆ ಪದ್ಧತಿಯೂ ಇದೆ. ಆದ್ದರಿಂದ "8 ಬಂದಿದೆ" ಎಂದರೆ ಎಷ್ಟಕ್ಕೆ 8 ಎಂದು ಕೇಳಬೇಕು. ಕೋ-ರಾಡ್ಸ್ ಎಂಬ ಅಂಕಿಯದು ಬೇರೆಯೇ ದಾರಿ. ಅದು ಕೋವಿಡ್ ಇರುವ ಅನುಮಾನ ಎಷ್ಟು ಬಲವಾಗಿದೆ ಎಂದು ಹೇಳುತ್ತದೆ, ಕಾಯಿಲೆ ಎಷ್ಟು ಜೋರಾಗಿದೆ ಎಂದು ಹೇಳುವುದಿಲ್ಲ. ಅನುಮಾನ ಅತಿ ಬಲವಾಗಿದೆ ಎನ್ನುವ ಕೋ-ರಾಡ್ಸ್ 5 ಬಂದವರು ಆಕ್ಸಿಜನ್ 98 ಇಟ್ಟುಕೊಂಡು ಆರಾಮಾಗಿ ಓಡಾಡುತ್ತಿರಬಹುದು.

ಎಷ್ಟನೇ ದಿನದ ಸ್ಕ್ಯಾನ್ ಎಂಬುದೂ ಅಷ್ಟೇ ಮುಖ್ಯ. ಕೋವಿಡ್‌ನಲ್ಲಿ ಚಿತ್ರ ಅತಿ ಕೆಟ್ಟದಾಗಿ ಕಾಣುವುದು ಸುಮಾರು ಹತ್ತನೇ ದಿನದ ಹೊತ್ತಿಗೆ. ಮೂರನೇ ದಿನದ 8 ಮತ್ತು ಹನ್ನೆರಡನೇ ದಿನದ 8 ಒಂದೇ ಅಲ್ಲ.

ಸ್ಟೀರಾಯ್ಡ್ ವಿಷಯಕ್ಕೆ ಬಂದಾಗ ನನಗೆ ನಿಜಕ್ಕೂ ಕಳವಳ. ಸ್ಕೋರ್ ನೋಡಿ ಮನೆಯಲ್ಲೇ ಸ್ಟೀರಾಯ್ಡ್ ಶುರು ಮಾಡಿದವರು ಕಡಿಮೆ ಇಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗ 2020ರಲ್ಲಿ ತೋರಿಸಿದ್ದು ಸ್ಪಷ್ಟ: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಆಕ್ಸಿಜನ್ ಅಥವಾ ವೆಂಟಿಲೇಟರ್ ಬೇಕಾದ ಕೋವಿಡ್ ರೋಗಿಗಳ ಸಾವನ್ನು ಕಡಿಮೆ ಮಾಡಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ, ಹಾನಿಯ ಸಾಧ್ಯತೆಯನ್ನೂ ತಳ್ಳಿಹಾಕಲಾಗಲಿಲ್ಲ. ಅಂದರೆ ಆ ಔಷಧಿಯನ್ನು ತೀರ್ಮಾನಿಸುವುದು ಆಕ್ಸಿಜನ್ ಬೇಕಾ ಎಂಬುದು. ಸಿಟಿಯ ಅಂಕ ನೋಡಿ ಅದನ್ನು ತೆಗೆದುಕೊಳ್ಳಬೇಡಿ. ಫ್ಲೂ ನ್ಯುಮೋನಿಯಾಕ್ಕೆ ಕೋವಿಡ್‌ನ ಈ ಪಾಠವನ್ನು ಹಾಗೇ ಅಂಟಿಸಲೂ ಬೇಡಿ, ಎರಡೂ ಬೇರೆ.

ಹಂತ 7: ಮತ್ತೆ ಯಾವಾಗ ಚಿತ್ರ ತೆಗೆಸಬೇಕು

ಫ್ಲೂ ಬಂದು ಜ್ವರ ಇಳಿದು, ಎದ್ದು ಓಡಾಡುತ್ತಿದ್ದ ಮನುಷ್ಯನಿಗೆ ಮತ್ತೆ ಚಳಿ ಜ್ವರ, ಹಳದಿ ಅಥವಾ ತುಕ್ಕಿನ ಬಣ್ಣದ ಕಫ ಶುರುವಾದರೆ ತಡ ಮಾಡದೆ ತೋರಿಸಿ. ವೈರಸ್ ದುರ್ಬಲ ಮಾಡಿದ ಶ್ವಾಸಕೋಶಕ್ಕೆ ನ್ಯುಮೋಕಾಕಸ್, ಸ್ಟಫೈಲೋಕಾಕಸ್‌ನಂಥ ಬ್ಯಾಕ್ಟೀರಿಯಾ ನುಗ್ಗುವುದು ಹೀಗೆಯೇ. ಮೊದಲಿನ ಎಕ್ಸ್‌ರೇಯಲ್ಲಿ ಇಲ್ಲದ ಗಟ್ಟಿ ಬಿಳುಪು ಅಥವಾ ನೀರು ಈಗಿನದರಲ್ಲಿ ಕಂಡರೆ ಚಿಕಿತ್ಸೆಯೇ ಬದಲಾಗುತ್ತದೆ. ಎರಡನೇ ಚಿತ್ರಕ್ಕೆ ಬೆಲೆ ಬರುವುದು ಇಂಥ ಕಡೆ.

ಐಸಿಯುನಲ್ಲಿ ಉಸಿರಿನ ಕೊಳವೆ ಹಾಕಿದ ಮೇಲೆ ಅದು ಸರಿಯಾದ ಜಾಗದಲ್ಲಿದೆಯಾ ಎಂದು ನೋಡಲು, ದಿಢೀರನೆ ಆಕ್ಸಿಜನ್ ಕುಸಿದಾಗ ಎದೆಯಲ್ಲಿ ಗಾಳಿ ಸೋರಿದೆಯಾ ಎಂದು ನೋಡಲು ಎಕ್ಸ್‌ರೇ ಬೇಕೇ ಬೇಕು. ಸ್ಥಿರವಾಗಿರುವ ರೋಗಿಗೆ ದಿನವೂ ಒಂದು ಎಕ್ಸ್‌ರೇ ಬೇಕಿಲ್ಲ.

ಚೇತರಿಸಿಕೊಳ್ಳುತ್ತಿರುವವರಿಗೆ "ಕ್ಲಿಯರ್ ಆಗಿದೆಯಾ ನೋಡೋಣ" ಎಂದು ವಾರಕ್ಕೊಂದು ಚಿತ್ರ ತೆಗೆಸಬೇಡಿ. ಮನುಷ್ಯ ಮೊದಲು ಸುಧಾರಿಸುತ್ತಾನೆ, ಚಿತ್ರ ಆಮೇಲೆ. ಬಿಳುಪು ಪೂರ್ತಿ ಹೋಗಲು ವಾರಗಳೇ ಬೇಕು, ವಯಸ್ಸಾದವರಲ್ಲಿ, ತೀವ್ರವಾಗಿ ಬಂದವರಲ್ಲಿ ತಿಂಗಳುಗಳು. ನಡುವೆ ತೆಗೆಸಿದ ಚಿತ್ರ ಹೆದರಿಸುತ್ತದೆ, ಬೇರೇನೂ ಮಾಡುವುದಿಲ್ಲ.

ಹಂತ 8: ವಾಸಿಯಾದ ಮೇಲೆ

ಐದಾರು ದಿನದಲ್ಲಿ ಪೂರ್ತಿ ಸುಧಾರಿಸಿ ಮಾಮೂಲಿ ಜೀವನಕ್ಕೆ ಬಂದವರಿಗೆ ಮತ್ತೊಂದು ಎಕ್ಸ್‌ರೇ ಸಾಮಾನ್ಯವಾಗಿ ಬೇಡ. ಆದರೆ ಧೂಮಪಾನ ಮಾಡುವವರು, 50 ದಾಟಿದವರು, ಕೆಮ್ಮು ದಮ್ಮು ಹೋಗದವರು ಸುಮಾರು ಆರು ವಾರಕ್ಕೆ ಒಂದು ಎಕ್ಸ್‌ರೇ ಮಾಡಿಸುವುದು ಒಳ್ಳೆಯದು. ನ್ಯುಮೋನಿಯಾದ ಬಿಳುಪಿನ ಹಿಂದೆ ಗಡ್ಡೆಯೊಂದು ಅಡಗಿದ್ದರೆ ಆಗ ಗೊತ್ತಾಗುತ್ತದೆ.

ತೀವ್ರ ಕೋವಿಡ್ ನ್ಯುಮೋನಿಯಾದಿಂದ ಎದ್ದವರಿಗೆ 12 ವಾರದ ಹೊತ್ತಿಗೆ ಎಕ್ಸ್‌ರೇ ನೋಡುವ ಪದ್ಧತಿ ಇದೆ. ಅದು ಸರಿಯಿಲ್ಲದಿದ್ದರೆ ಅಥವಾ ದಮ್ಮು ಉಳಿದಿದ್ದರೆ ಸಿಟಿ, ಶ್ವಾಸಕೋಶದ ಕಾರ್ಯ ಪರೀಕ್ಷೆ, ಆರು ನಿಮಿಷದ ನಡಿಗೆ ಪರೀಕ್ಷೆ. ಆಸ್ಪತ್ರೆಯಲ್ಲಿದ್ದಾಗಿನ ರಿಪೋರ್ಟ್‌ನಲ್ಲಿ "ಫೈಬ್ರೋಸಿಸ್" ಅಥವಾ "ಫೈಬ್ರೋಟಿಕ್ ಬ್ಯಾಂಡ್" ಎಂದಿದ್ದರೆ ಶ್ವಾಸಕೋಶ ಶಾಶ್ವತವಾಗಿ ಗಟ್ಟಿಯಾಯಿತು ಎಂದು ಆಗಲೇ ತೀರ್ಮಾನಿಸಬೇಡಿ. ಅಂಥ ಎಷ್ಟೋ ಗೆರೆಗಳು ತಿಂಗಳುಗಳಲ್ಲಿ ಕರಗುತ್ತವೆ. ಉಳಿದಿದ್ದು ಎಷ್ಟು ಎಂದು ಹೇಳಲು ಹೋಲಿಕೆಗೆ ಹಳೆಯದು ಬೇಕು, ಅಲ್ವಾ? ಆದ್ದರಿಂದ ಡಿಸ್ಚಾರ್ಜ್ ಆಗುವ ದಿನ ರಿಪೋರ್ಟ್ ಹಾಳೆಯ ಜೊತೆ ಚಿತ್ರಗಳ ಮೂಲ ಫೈಲನ್ನೂ ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಫಿಲ್ಮಿನ ಫೋಟೋ ಹೊಡೆದು ಇಟ್ಟುಕೊಂಡರೆ ತೆಳು ಮಬ್ಬು ಅದರಲ್ಲಿ ಉಳಿಯುವುದಿಲ್ಲ. ಮುಂದಿನ ಭೇಟಿಗೆ ಆ ಫೈಲ್, ಮನೆಯಲ್ಲಿ ಬರೆದಿಟ್ಟ ಆಕ್ಸಿಜನ್ ಅಂಕಿಗಳು, ಎಷ್ಟು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ ಎಂಬ ಲೆಕ್ಕ ಈ ಮೂರನ್ನೂ ತೆಗೆದುಕೊಂಡು ಹೋಗಿ.